ಹನ್ನೊಂದನೆಯ ಷರತ್ತು

ಹೋದ ಶ್ರಾವಣದಲ್ಲಿ ಪಿರಿಯಾಪಟ್ಟಣಕ್ಕೆ ಹೊರಟಿದ್ದ ಬಸ್ಸು ಹುಣಸೂರಿನಲ್ಲಿ ನಿಂತಾಗ ಕಿಟಕಿಯ ಗಾಜು ಸರಿಸಿದೆ. ಮಳೆ ಆಗಷ್ಟೇ ಬಿಟ್ಟಿತ್ತು. ಎಲ್ಲೋ ಹೊಗೆಸೊಪ್ಪು ಬೇಯಿಸಿ ಒಣಗಿಸುತ್ತಿದ್ದ ಬ್ಯಾರನ್ ಗೂಡಿನ ಗಾಢ ವಾಸನೆ ಬಂತು. ಅದರ ಬೆನ್ನಿಗೇ ರಸ್ತೆಯಾಚೆಯ ಯಾವುದೋ ಲೇತ್ ಅಂಗಡಿಯಿಂದ ಕಾದ ಎಣ್ಣೆಯ ವಾಸನೆ. ಇವೆರಡೂ ಕೂಡಿ ಮೂಗಿಗೆ ಬಡಿದು ಎಷ್ಟು ವರ್ಷವಾಗಿತ್ತೋ. ಪಕ್ಕದಲ್ಲಿ ಕೂತಿದ್ದ ಹೆಂಗಸು ಮೂಗಿಗೆ ಸೆರಗು ಹಿಡಿದಳು. ನಾನು ಮಾತ್ರ ಬಸ್ಸು ಹೊರಡುವವರೆಗೂ ಗಾಜು ಮುಚ್ಚಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷವಾಗಿದ್ದ ಕಾಲ. ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ನಾನು ನಂಜುಂಡಣ್ಣನವರ ವರ್ಕ್‌ಶಾಪಿಗೆ ಸೇರಿ ಎರಡು ವರ್ಷವಾಗಿತ್ತು. ಕಟ್ಟೆಮಳಲವಾಡಿಯ ನಮ್ಮ ಮನೆಯಿಂದ ಬೆಳಿಗ್ಗೆ ಎಂಟರ ಬಸ್ಸಿಗೆ ಬಂದರೆ ಸಂಜೆ ಆರಕ್ಕೆ ವಾಪಸ್ಸು. ಹುಣಸೂರಿನ ಅಂಚಿನಲ್ಲಿ ತಗಡಿನ ಮಾಡಿನ ಶೆಡ್ಡು ಅದು. ಮೂರು ಲೇತ್, ಒಂದು ಮಿಲ್ಲಿಂಗ್ ಯಂತ್ರ, ಕಂಪ್ಯೂಟರ್ ಹೇಳಿದಂತೆ ಕೊರೆಯುವ ಒಂದು ಸೆಕೆಂಡ್‌ಹ್ಯಾಂಡ್ ಸಿಎನ್‌ಸಿ. ಕೆಲಸಗಾರರು ಆರು ಜನ. ಅವರಲ್ಲಿ ಹಿರಿಯರು ಪಿರಿಯಾಪಟ್ಟಣದ ಕಡೆಯ ಜವರಣ್ಣ. ಲೇತಿನ ಸದ್ದು ಕೇಳಿಯೇ ಟೂಲ್ ಮೊಂಡಾಗಿದೆ ಎಂದು ಹೇಳಬಲ್ಲ ಟರ್ನರ್. ಇಂಗ್ಲಿಷಿನಲ್ಲಿ ಏನು ಬಂದರೂ ಅದು ನನ್ನ ಮೇಜಿಗೆ.

ನಾವು ಮಾಡುತ್ತಿದ್ದುದು ಅಲ್ಯೂಮಿನಿಯಂನ ಸಣ್ಣ ಕವಚಗಳು, ಹೆಬ್ಬೆಟ್ಟಿನಷ್ಟು ದಪ್ಪ. ಮೈಸೂರಿನ ಒಂದು ಕಂಪನಿ ಅವುಗಳನ್ನು ಕೊಂಡು, ಒಳಗೆ ಪಿನ್ನುಗಳನ್ನು ಕೂರಿಸಿ, ಸೈನ್ಯಕ್ಕೆ ವೈರ್‌ಲೆಸ್ ಸೆಟ್ಟು ಮಾಡುವವರಿಗೆ ಕಳಿಸುತ್ತಿತ್ತು. ಅಷ್ಟು ಮಾತ್ರ ನಮಗೆ ಗೊತ್ತಿತ್ತು. ಅವು ಯಾವ ಬೆಟ್ಟದ ಮೇಲೆ, ಯಾರ ಬೆನ್ನಿನ ಮೇಲೆ ಹೋಗುತ್ತವೆ ಎಂದು ನಾವು ಕೇಳಿದವರಲ್ಲ.

ಮುಂಗಾರು ಹಿಡಿದ ವಾರ ಮೈಸೂರಿನಿಂದ ಒಂದು ದಪ್ಪ ಲಕೋಟೆ ಬಂತು. ನಂಜುಂಡಣ್ಣ ಒಡೆದು ನೋಡಿ, ಚಹಾದ ಹೊತ್ತಿಗೆ ಎಲ್ಲರನ್ನೂ ಕೂರಿಸಿ, ಓದವ್ವ, ಎಲ್ರಿಗೂ ಕೇಳ್ಲಿ ಎಂದು ನನ್ನ ಕೈಗೆ ಕೊಟ್ಟರು. ನಾನು ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳುತ್ತ ಹೋದೆ. ಕಂಪ್ಯೂಟರ್ ಮುಟ್ಟುವ ಪ್ರತಿಯೊಬ್ಬರಿಗೂ ಬೇರೆ ಬೇರೆ ಪಾಸ್‌ವರ್ಡ್ ಇರಬೇಕು. ಡ್ರಾಯಿಂಗುಗಳು ಬೀಗದಲ್ಲಿರಬೇಕು, ಕೆಲಸ ಮುಗಿದವನ್ನು ಚೂರು ಮಾಡಿ ಸುಡಬೇಕು. ವೈರಸ್ ತಡೆಯುವ ಸಾಫ್ಟ್‌ವೇರ್ ಹಾಕಿಸಿ ಆಗಾಗ ಹೊಸದು ಮಾಡಿಸಬೇಕು. ಹೊರಗಿನ ಪೆನ್‌ಡ್ರೈವ್ ಒಳಗೆ ಬರಕೂಡದು. ಬಂದು ಹೋದವರ ಹೆಸರು ರಿಜಿಸ್ಟರಿನಲ್ಲಿರಬೇಕು. ಹೀಗೆ ಹನ್ನೆರಡು ಷರತ್ತು. ಮೂರು ತಿಂಗಳಲ್ಲಿ ಒಬ್ಬರು ತಪಾಸಣೆಗೆ ಬರುತ್ತಾರೆ, ಪಾಸಾಗದವರಿಗೆ ಮುಂದೆ ಡ್ರಾಯಿಂಗ್ ಇಲ್ಲ. ಹನ್ನೊಂದನೆಯದನ್ನು ಓದುವಾಗ ನಾನೇ ಅವಸರ ಮಾಡಿದೆ. ಡ್ರಾಯಿಂಗ್ ಹೊರಗೆ ಹೋಗಿದೆ ಎಂಬ ಅನುಮಾನ ಬಂದರೂ ಸಾಕು, ಏನನ್ನೂ ಅಳಿಸದೆ, ಒಂದು ದಿನದೊಳಗೆ ಬರೆದು ತಿಳಿಸಬೇಕು. ಅದು ನಮಗಲ್ಲ ಎಂದುಕೊಂಡಿದ್ದೆ.

ಜವರಣ್ಣ ಲೋಟ ಕೆಳಗಿಟ್ಟು ತಮ್ಮ ಹಣೆ ಮುಟ್ಟಿಕೊಂಡರು.

"ಪೇಪರ್‌ಗೆ ಬೀಗ ಆಕು, ಸರಿ ಕಣವ್ವ. ಅಷ್ಟೂ ಅಳತೆ ಇಲ್ಲೇ ಅದೆ. ಇದ್ಕೆ ಎಲ್ಲಿ ಬೀಗ ಆಕ್ತೀಯ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಕೆಲಸ ನನಗೆ ಸಿಕ್ಕಿತೆಂದು ಒಳಗೊಳಗೇ ಹಿಗ್ಗಿದ್ದೆ. ಡಿಪ್ಲೊಮಾ ಮಾಡಿ ಬಂದರೂ ಅಲ್ಲಿಯವರೆಗೆ ನಾನು ಅಳತೆ ನೋಡಿ ಟಿಕ್ ಹಾಕುವ ಹುಡುಗಿಯಷ್ಟೇ ಆಗಿದ್ದೆ.

ಮೊದಲ ದಿನವೇ ನಮ್ಮ ಸ್ಥಿತಿ ಕಣ್ಣಿಗೆ ಬಿತ್ತು. ಇಡೀ ವರ್ಕ್‌ಶಾಪಿಗೆ ಒಂದೇ ಪಾಸ್‌ವರ್ಡ್: ಊರಿನ ಹೆಸರು, ಅದರ ಮುಂದೆ ಒಂದು ಎರಡು ಮೂರು. ಅದನ್ನು ಸಿಎನ್‌ಸಿಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು. ಬಿಡಿಭಾಗ ಮಾರುವವನು, ಯಂತ್ರ ರಿಪೇರಿಗೆ ಬಂದವನು, ಯಾರು ಬೇಕಾದರೂ ಓದಬಹುದಿತ್ತು. ಹಳೆಯ ಡ್ರಾಯಿಂಗುಗಳನ್ನು ಹುಡುಕಿದರೆ ಅರ್ಧಕ್ಕರ್ಧ ಇರಲೇ ಇಲ್ಲ. ನಂಜುಂಡಣ್ಣನ ಹೆಂಡತಿ ಪುಟ್ಟತಾಯಕ್ಕನನ್ನು ಕೇಳಿದೆ. ಅವರು ಮಗಳ ಶಾಲೆಯ ಚೀಲ ತಂದು ನನ್ನ ಮುಂದಿಟ್ಟರು. ಗಣಿತ, ವಿಜ್ಞಾನ, ಸಮಾಜ, ಎಲ್ಲ ಪುಸ್ತಕಗಳಿಗೂ ನಮ್ಮ ಕವಚದ ಡ್ರಾಯಿಂಗೇ ಹೊದಿಕೆ. ಗಟ್ಟಿ ಕಾಗದ ಅಂತ ಹಾಕಿದೆ ಕಣವ್ವ ಎಂದು ಅವರು ಪೇಚಾಡಿದರು. ಆ ಮಧ್ಯಾಹ್ನ ನಾವಿಬ್ಬರೂ ಕೂತು ಹದಿಮೂರು ಪುಸ್ತಕಗಳಿಗೆ ಕ್ಯಾಲೆಂಡರಿನ ಹಾಳೆ ಹೊದಿಸಿದೆವು.

ಒಂದು ತಿಂಗಳಲ್ಲಿ ವರ್ಕ್‌ಶಾಪಿನ ಮುಖವೇ ಬದಲಾಯಿತು. ಒಳಕೋಣೆಗೆ ಬಾಗಿಲು ಬಂತು, ಕಬ್ಬಿಣದ ಬೀರು ಬಂತು. ಬಾಗಿಲ ಬಳಿ ದಾರ ಕಟ್ಟಿದ ಪೆನ್ನಿನೊಂದಿಗೆ ರಿಜಿಸ್ಟರ್ ಬಂತು. ಪ್ರತಿಯೊಬ್ಬರನ್ನೂ ಕೂರಿಸಿಕೊಂಡು ಅವರಿಗೆ ಮರೆಯದ, ಇನ್ನೊಬ್ಬರಿಗೆ ಹೊಳೆಯದ ಪಾಸ್‌ವರ್ಡ್ ಕಟ್ಟಿಕೊಟ್ಟೆ. ಜವರಣ್ಣ ಒಂದೊಂದೇ ಕೀಲಿಯನ್ನು ತೋರುಬೆರಳಲ್ಲಿ ಒತ್ತಿ ಕಲಿತರು. ಅವರ ಪಾಸ್‌ವರ್ಡ್ ಏನೆಂದು ನನಗೂ ಹೇಳಲಿಲ್ಲ. ಅದೇ ಸರಿ ಎಂದೆ.

ಜುಲೈನಲ್ಲಿ ಮಳೆ ಜೋರಾಯಿತು. ಲಕ್ಷ್ಮಣತೀರ್ಥ ಹೊಳೆ ಕೆಂಪಗೆ ತುಂಬಿ ಹರಿಯಿತು. ಒಂದು ದಿನ ರಸ್ತೆಬದಿಯ ಮರವೊಂದು ಬಿದ್ದು ನಮ್ಮ ಟೆಲಿಫೋನ್ ತಂತಿ ಹರಿಯಿತು, ಅದರೊಂದಿಗೆ ಇಂಟರ್ನೆಟ್ಟೂ ಹೋಯಿತು. ಲೈನ್‌ಮ್ಯಾನ್ ನಾಳೆ ಬತ್ತೀನಿ ಎನ್ನುತ್ತ ನಾಲ್ಕು ದಿನ ಕಳೆದ. ಆ ನಡುವೆ ಮೈಸೂರಿನಿಂದ ನಂಜುಂಡಣ್ಣನ ಮೊಬೈಲಿಗೆ ಫೋನು ಬಂತು. ಕವಚದ ಒಂದು ಅಳತೆ ಬದಲಾಗಿದೆ, ಹೊಸ ಡ್ರಾಯಿಂಗ್ ಮೇಲ್ ಮಾಡಿದ್ದೇವೆ, ಹಳೆಯ ಅಳತೆಯಲ್ಲಿ ಒಂದೂ ತಿರುವಬೇಡಿ. ನಂಜುಂಡಣ್ಣ ಆಗ ಕೆ.ಆರ್. ನಗರದಲ್ಲಿ ಒಂದು ಅಕ್ಕಿ ಮಿಲ್ಲಿನ ಕೆಲಸದ ಮೇಲಿದ್ದರು. ನನಗೆ ಅದನ್ನೇ ಫೋನಿನಲ್ಲಿ ಹೇಳಿ, ಏನಾದ್ರೂ ಮಾಡವ್ವ ಎಂದರು.

ನಾನು ಛತ್ರಿ ಹಿಡಿದು ಬಸ್‌ಸ್ಟ್ಯಾಂಡಿನ ಹಿಂದಿದ್ದ ಇಮ್ತಿಯಾಜರ ಸೈಬರ್ ಸೆಂಟರಿಗೆ ಹೋದೆ. ನಾಲ್ಕು ಕಂಪ್ಯೂಟರ್, ನಾಲ್ಕು ಪ್ಲೈವುಡ್ ಗೂಡು. ಮೂರನೆಯದರಲ್ಲಿ ಕೂತು ಮೇಲ್ ತೆರೆದೆ, ಡ್ರಾಯಿಂಗನ್ನು ಆ ಕಂಪ್ಯೂಟರಿಗೆ ಇಳಿಸಿದೆ, ಪೆನ್‌ಡ್ರೈವಿಗೆ ಹಾಕಿಕೊಂಡೆ. ಅಷ್ಟರಲ್ಲಿ ಕರೆಂಟು ಹೋಯಿತು. ಸಿಕ್ಕಿತಲ್ಲ ಎಂದು ಎದ್ದು ಓಡಿದೆ. ಮಧ್ಯಾಹ್ನದೊಳಗೆ ಸಿಎನ್‌ಸಿ ಹೊಸ ಅಳತೆಯಲ್ಲಿ ತಿರುಗುತ್ತಿತ್ತು. ನಾನು ಬರೆದು ಗೋಡೆಗೆ ಅಂಟಿಸಿದ್ದ ನಿಯಮವನ್ನೇ ನಾನು ಮುರಿದಿದ್ದೆ. ಆದರೆ ಆ ದಿನ ಅದು ನೆನಪಿಗೆ ಬರಲಿಲ್ಲ, ಕೆಲಸ ನಿಲ್ಲಿಸಲಿಲ್ಲವೆಂಬ ಹೆಮ್ಮೆಯಷ್ಟೇ ಇತ್ತು.

ಮೂರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಒಳಕೋಣೆಯ ಕಂಪ್ಯೂಟರಿನಲ್ಲಿ ಪ್ರತಿ ಫೋಲ್ಡರಿನ ಪಕ್ಕ ಅದೇ ಹೆಸರಿನ ಇನ್ನೊಂದು ಕಂಡಿತು. ತೆರೆದರೆ ತೆರೆಯದು, ಅಳಿಸಿದರೆ ಮತ್ತೆ ಹುಟ್ಟುವುದು. ವೈರಸ್ ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಇಂಟರ್ನೆಟ್ಟಿಲ್ಲದ ಆ ದಿನಗಳಲ್ಲಿ ವೈರಸ್ ತಡೆಯುವ ಸಾಫ್ಟ್‌ವೇರ್ ಹಳತಾಗಿಹೋಗಿತ್ತು, ಆಮೇಲೆ ಹೊಸದು ಮಾಡಿಸಲು ನಾನೇ ಮರೆತಿದ್ದೆ. ಹೊರಗಿನಿಂದ ಒಳಗೆ ಬಂದಿದ್ದ ಪೆನ್‌ಡ್ರೈವ್ ಒಂದೇ, ಅದು ನನ್ನದು. ಅಲ್ಲಿಂದ ಇದು ಇಲ್ಲಿಗೆ ಬಂದಿದ್ದರೆ, ನಾನು ಅಲ್ಲೇನು ಬಿಟ್ಟು ಬಂದೆ?

ಸೈಬರ್ ಸೆಂಟರಿಗೆ ಹೋಗಿ ಮೂರನೆಯ ಗೂಡಿನಲ್ಲಿ ಕೂತೆ. ಯಾರದೋ ಹಾಲ್‌ಟಿಕೆಟ್ಟು, ಯಾರದೋ ಮದುವೆಯ ಬಯೋಡೇಟಾ, ಅವುಗಳ ನಡುವೆ ನಮ್ಮ ಕವಚದ ಡ್ರಾಯಿಂಗ್, ನಂಬರಿನ ಸಮೇತ. ಫೈಲಿನ ತಾರೀಕು ನೋಡಿದರೆ, ನಾನು ಇಳಿಸಿಕೊಂಡ ಮೇಲೆ ಇನ್ನೊಂದು ದಿನವೂ ಅದನ್ನು ಯಾರೋ ತೆರೆದು ನೋಡಿದ್ದರು.

ಮೌಸಿನ ಮೇಲೆ ಕೈಯಿತ್ತು. ಒಂದು ಸಲ ಒತ್ತಿದರೆ ಮುಗಿಯಿತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ಕೊನೆಗೆ ಎದ್ದು ಇಮ್ತಿಯಾಜರ ಬಳಿ ಹೋಗಿ, ನಮ್ಮ ಕಂಪನಿಯ ಒಂದು ಫೈಲು ಇದರಲ್ಲಿ ಉಳಿದಿದೆ, ನಾನು ಹೇಳುವವರೆಗೆ ಈ ಕಂಪ್ಯೂಟರನ್ನು ಯಾರಿಗೂ ಕೊಡಬೇಡಿ ಎಂದು ಕೇಳಿದೆ. ಅವರು ನನ್ನ ಮುಖ ನೋಡಿದರು, ಏನೂ ಕೇಳದೆ ಹೋಗಿ ಪ್ಲಗ್ ಕಿತ್ತರು.

ನಂಜುಂಡಣ್ಣ ಲೇತಿನ ಮುಂದಿದ್ದರು. ಒಳಕೋಣೆಗೆ ಕರೆದು, ಬಾಗಿಲು ಹಾಕಿ, ಎಲ್ಲವನ್ನೂ ಹೇಳಿದೆ. ಕಂಪನಿಗೆ ತಿಳಿಸಿದರೆ ಕೆಲಸ ನಿಲ್ಲಬಹುದು, ಮುಂದಿನ ವರ್ಷದ ದೊಡ್ಡ ಆರ್ಡರು ಬೇರೆಯವರಿಗೆ ಹೋಗಬಹುದು, ಇದಕ್ಕೆಲ್ಲ ನಾನೇ ಕಾರಣ ಎಂದೆ. ಅವರು ಬಹಳ ಹೊತ್ತು ಕೈಗಂಟಿದ ಎಣ್ಣೆಯನ್ನು ಬಟ್ಟೆಯಲ್ಲಿ ಒರೆಸುತ್ತಲೇ ಇದ್ದರು. ಆಮೇಲೆ ಮಾತಾಡಿದಾಗ ಬೇರೇನನ್ನೋ ಹೇಳುತ್ತಿದ್ದಾರೆ ಅನಿಸಿತು.

"ನಾನು ಮೈಸೂರ್‌ನಲ್ಲಿ ಫ್ಯಾಕ್ಟರೀಲಿದ್ದಾಗ ಒಂದಿನ ಅಳತೆ ನೋಡಕ್ಕೆ ತಪ್ಪು ಗೇಜ್ ಇಟ್ಕಂಡು ಒಂದು ಟ್ರೇ ಪೂರಾ ಪಾಸ್ ಮಾಡ್ಬುಟ್ಟೆ. ಗೊತ್ತಾದ್ ಮೇಲೂ ಬಾಯ್ ಬುಡ್ಲಿಲ್ಲ. ಅವಂದೇ ತಪ್ಪು ಅಂತ ಪಕ್ಕದ ಬೆಂಚಿನೋನ್ನ ಮನೆಗೆ ಕಳ್ಸುದ್ರು. ಅವನು ಈಗ್ಲೂ ಸಿಕ್ಕುದ್ರೆ ನಗ್ತಾ ಮಾತಾಡುಸ್ತಾನೆ ಕಣವ್ವ. ಅದೇ ನಂಗೆ ತಡ್ಕಳಕ್ಕಾಗಲ್ಲ."

ಅವರು ಬಟ್ಟೆಯನ್ನು ಬದಿಗಿಟ್ಟು ಒಂದು ಬಿಳಿ ಹಾಳೆಯನ್ನು ನನ್ನ ಮುಂದೆ ಸರಿಸಿದರು.

"ಬರಿ," ಎಂದರು. "ನಿನ್ನೆಸ್ರು ಬ್ಯಾಡ, ವರ್ಕ್‌ಶಾಪಿನೆಸ್ರು ಬರಿ."

ಒಂದು ಪುಟ ಬರೆದೆ. ಮರ ಬಿದ್ದದ್ದು, ಸೈಬರ್ ಸೆಂಟರ್, ಪೆನ್‌ಡ್ರೈವ್, ವೈರಸ್, ಹಳತಾದ ಸಾಫ್ಟ್‌ವೇರ್, ಯಾರೋ ಡ್ರಾಯಿಂಗ್ ತೆರೆದದ್ದು, ಯಾವುದನ್ನೂ ಬಿಡಲಿಲ್ಲ. ಕೊನೆಯಲ್ಲಿ ನನ್ನ ಹೆಸರನ್ನೇ ಹಾಕಿದೆ. ನಂಜುಂಡಣ್ಣ ಅದನ್ನು ಪೂರ್ತಿ ಓದಿದರು. ಆಮೇಲೆ ನನ್ನ ಹೆಸರಿನ ಕೆಳಗೆ ತಾವೂ ಸಹಿ ಮಾಡಿದರು. ಆ ಮಧ್ಯಾಹ್ನದ ಬಸ್ಸಿಗೇ ಹೊರಟು ಅದನ್ನು ಮೈಸೂರಿಗೆ ಕೈಯಾರೆ ತಲುಪಿಸಿ ಬಂದರು.

ಉತ್ತರ ಮಾರನೆಯ ದಿನವೇ ಬಂತು. ತಪಾಸಣೆ ಮುಗಿಯುವವರೆಗೆ ಹೊಸ ಡ್ರಾಯಿಂಗ್ ಇಲ್ಲ, ಕವಚದ ಕೆಲಸ ನಿಲ್ಲಿಸಿ. ಎರಡು ದಿನ ಬಿಟ್ಟು ಕಂಪನಿಯ ಪರವಾಗಿ ಪೊನ್ನಪ್ಪ ಎನ್ನುವವರು ಬಂದರು. ಸೈನ್ಯದಲ್ಲಿ ಸಿಗ್ನಲ್ಸ್ ವಿಭಾಗದಲ್ಲಿದ್ದು ನಿವೃತ್ತರಾದ ಕೊಡಗಿನವರು, ಎತ್ತರದ ಆಳು, ಮಾತು ಕಡಿಮೆ. ನನ್ನ ಕಾಗದವನ್ನು ಮುಂದಿಟ್ಟುಕೊಂಡು ಸಾಲು ಸಾಲಾಗಿ ಪ್ರಶ್ನೆ ಕೇಳಿದರು. ಬೈಯಲೂ ಇಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅದು ಬೈಗುಳಕ್ಕಿಂತ ಕಷ್ಟವಾಗಿತ್ತು. ಆಮೇಲೆ ಸೈಬರ್ ಸೆಂಟರ್ ನೋಡಬೇಕು ಎಂದರು. ನಂಜುಂಡಣ್ಣ, ನಾನು, ಅವರು, ಮೂವರೂ ಹೋದೆವು.

ಡ್ರಾಯಿಂಗನ್ನು ತೆರೆದದ್ದು ತಾನೇ ಎಂದು ಇಮ್ತಿಯಾಜ್ ಮೊದಲಿಗೇ ಹೇಳಿದರು. ಯಾವುದೋ ಕಾಲೇಜು ಹುಡುಗರ ಪ್ರಾಜೆಕ್ಟು ಬಿಟ್ಟುಹೋಗಿದೆಯೆಂದು ಹೆಸರು ಹುಡುಕಲು ತೆರೆದರಂತೆ, ಅರ್ಥವಾಗದೆ ಮುಚ್ಚಿದರಂತೆ. ನನ್ನೆದೆಯ ಮೇಲಿನ ಕಲ್ಲು ಅರ್ಧ ಇಳಿಯಿತು. ಆದರೆ ಪೊನ್ನಪ್ಪನವರು ಆ ಕಂಪ್ಯೂಟರಿನ ಹಾರ್ಡ್‌ಡಿಸ್ಕನ್ನೇ ಬಿಚ್ಚಿ ಕೊಡಿ, ಬದಲಿಗೆ ಹೊಸದು ಕೊಡಿಸುತ್ತೇವೆ ಎಂದರು. ಇಮ್ತಿಯಾಜ್ ಆಗುವುದಿಲ್ಲವೆಂದು ತಲೆಯಾಡಿಸಿದರು.

"ನಿಮ್ಮ ಡ್ರಾಯಿಂಗ್ ಗುಟ್ಟಿನದು, ಒಪ್ಕೋತೀನಿ ಸಾರ್. ಇದ್ರಲ್ಲಿ ಊರಿನ ಹೆಣ್ಮಕ್ಕಳ ಫೋಟೋ ಅವೆ, ಮದುವೆ ಬಯೋಡೇಟಾ ಅವೆ, ಕೋರ್ಟಿಗೆ ಹಾಕೋ ಅರ್ಜಿ ಅವೆ. ಅದೂ ಅವರವರ ಗುಟ್ಟೇ. ನನ್ನ ನಂಬಿ ಬಂದೋರದ್ದು. ಬಿಚ್ಚಿ ನಿಮ್ಮ ಕೈಗೆ ಹೆಂಗೆ ಕೊಡ್ಲಿ?"

ಪೊನ್ನಪ್ಪನವರು ಒಂದು ಕುರ್ಚಿ ಎಳೆದುಕೊಂಡು, ನೀವೇ ಕೂತ್ಕೊಳ್ಳಿ, ನಾನು ಹೇಳಿದಂತೆ ನೀವೇ ಮಾಡಿ, ನಿಮ್ಮದು ಯಾವುದನ್ನೂ ನಾನು ತೆರೆಯುವುದಿಲ್ಲ ಎಂದರು. ಎರಡು ಗಂಟೆ ಹಿಡಿಯಿತು. ನಮ್ಮ ಡ್ರಾಯಿಂಗನ್ನು ಮತ್ತೆ ಯಾರೂ ತೆಗೆಯಲಾಗದಂತೆ ಅಳಿಸಿದರು, ವೈರಸ್ಸನ್ನೂ ತೆಗೆದರು. ಉಳಿದ ಮೂರು ಕಂಪ್ಯೂಟರುಗಳನ್ನೂ ಹಾಗೆಯೇ ಶುಚಿ ಮಾಡಿಸಿದರು. ಹೊರಡುವಾಗ ಇಬ್ಬರೂ ಕೈಕುಲುಕಿದರು. ದಾರಿಯಲ್ಲಿ ಪೊನ್ನಪ್ಪನವರು ನನಗೆ ಹೇಳಿದ್ದು ಒಂದೇ ಮಾತು: ನಿಯಮ ಓದದೆಯೇ ಅವನಿಗೆ ನಿಯಮ ಗೊತ್ತಿದೆ ನೋಡಮ್ಮ.

ಕವಚದ ಕೆಲಸ ಆರು ವಾರ ನಿಂತಿತು. ನಂಜುಂಡಣ್ಣ ಒಬ್ಬರನ್ನೂ ಮನೆಗೆ ಕಳಿಸಲಿಲ್ಲ. ಕೆ.ಆರ್. ನಗರದ ಅಕ್ಕಿ ಮಿಲ್ಲುಗಳ ಶಾಫ್ಟು, ಎಚ್.ಡಿ. ಕೋಟೆ ಕಡೆಯ ಪಂಪುಗಳ ಬುಷ್ಷು ಎಂದು ಎಲ್ಲೆಲ್ಲಿಂದಲೋ ಹುಡುಕಿ ತಂದರು. ನಾನು ಹಗಲೆಲ್ಲ ಕಂಪ್ಯೂಟರ್ ಮುಂದೆ. ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬಿಸಿದೆ. ಸಿಎನ್‌ಸಿಯ ಕಂಪ್ಯೂಟರಿಗೆ ಇಂಟರ್ನೆಟ್ಟಿನ ತಂತಿಯೇ ತಾಗದಂತೆ ಬೇರೆ ಮಾಡಿದೆ. ಒಳಗೆ ಮಾತ್ರ ಓಡಾಡುವ ಒಂದು ಪೆನ್‌ಡ್ರೈವಿಗೆ ಕೆಂಪು ದಾರ ಕಟ್ಟಿದೆ. ವಾರಕ್ಕೊಮ್ಮೆ ಪ್ರತಿ ತೆಗೆದು ಬೀರುವಿನಲ್ಲಿಡುವ ಅಭ್ಯಾಸ ಮಾಡಿಕೊಂಡೆ. ಫೋನ್ ಲೈನು ಮತ್ತೆ ಹರಿದರೆ ಏನು ಮಾಡಬೇಕೆಂದು ಕಂಪನಿಯವರೊಂದಿಗೆ ಮಾತಾಡಿ ಬರೆದಿಟ್ಟೆ: ಯಾರಾದರೂ ಬಸ್ಸಿನಲ್ಲಿ ಮೈಸೂರಿಗೆ ಹೋಗಿ ಕಾಗದದಲ್ಲೇ ಡ್ರಾಯಿಂಗ್ ತರಬೇಕು, ಅಷ್ಟೇ. ಅರ್ಧ ದಿನದ ಕೆಲಸ. ಆ ದಿನ ಅದು ನನಗೆ ಹೊಳೆದಿರಲಿಲ್ಲ.

ಆ ಆರು ವಾರದಲ್ಲಿ ಯಾರೂ ನನಗೆ ಒಂದು ಬಿರುಸು ಮಾತನ್ನೂ ಆಡಲಿಲ್ಲ. ಒಮ್ಮೆ ನಾನೇ ಜವರಣ್ಣನ ಬಳಿ, ನನ್ನಿಂದ ನಿಮಗೆಲ್ಲ ತೊಂದರೆಯಾಯಿತು ಎಂದೆ. ಅವರು ಲೇತ್ ನಿಲ್ಲಿಸದೆ, ಕೆಲ್ಸ ಮಾಡೋರ ಕೈಲಿ ಆಯ್ತದೆ, ಬುಡು ಎಂದರು. ಆಮೇಲೆ ಒಂದು ಪೀಸು ಕೈಗೆ ಕೊಟ್ಟು ಅಳತೆ ನೋಡಲು ಹೇಳಿದರು.

ಸೆಪ್ಟೆಂಬರಿನ ಕೊನೆಯಲ್ಲಿ ಪೊನ್ನಪ್ಪನವರು ಎರಡನೆಯ ಸಲ ಬಂದರು. ಮಳೆ ಹೊಯ್ಯುತ್ತಿತ್ತು. ಜೀಪಿನಿಂದ ಇಳಿದವರೇ ಓಡಿ ಒಳಗೆ ಬಂದು, ಎದುರಿಗೆ ಸಿಕ್ಕ ಜವರಣ್ಣನ ಲೇತಿನ ಬಳಿ ನಿಂತರು. ಕಟ್ಟೆಯ ಮೇಲಿದ್ದ ಹಳೆಯ ಕವಚವೊಂದನ್ನು ಎತ್ತಿಕೊಂಡು, ಇದರ ಒಳಗಿನ ಅಳತೆ ಎಷ್ಟು ಎಂದು ಸಹಜವಾಗಿ ಕೇಳಿದರು. ಜವರಣ್ಣ ಮೊದಲ ಭೇಟಿಯ ದಿನ ರಜದಲ್ಲಿದ್ದರು, ಇವರನ್ನು ನೋಡಿರಲಿಲ್ಲ. ಅವರು ಮೆಲ್ಲಗೆ ಕವಚವನ್ನು ವಾಪಸ್ಸು ತೆಗೆದುಕೊಂಡರು.

"ಅದ ಕೇಳಕ್ ನೀವ್ಯಾರು ಸಾರ್? ಬಾಗ್ಲತ್ರ ಬುಕ್ಕು ಅದೆ, ಎಸ್ರು ಬರುದ್ರಾ?"

ಪೊನ್ನಪ್ಪನವರು ಏನೂ ಹೇಳದೆ ಹಿಂದಿರುಗಿ ಹೋಗಿ, ಒದ್ದೆ ಕೈಯಲ್ಲೇ ದಾರ ಕಟ್ಟಿದ ಪೆನ್ನು ಹಿಡಿದು, ಹೆಸರು, ಊರು, ಬಂದ ಕಾರಣ ಎಲ್ಲವನ್ನೂ ತುಂಬಿದರು. ಬಂದು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು. ಜವರಣ್ಣ ನನ್ನ ಕಡೆ ನೋಡಿ, ಇವ್ರಿಗೆ ಯೋಳ್ಬೋದಾ ಎಂದು ಕೇಳಿದ ಮೇಲೆಯೇ ಅಳತೆ ಹೇಳಿದ್ದು. ಪೊನ್ನಪ್ಪನವರು ಆಗ ನಕ್ಕರು. ತಲೆಗೆ ಹಾಕುವ ಬೀಗ ಹೇಗಿರುತ್ತದೆಂದು ನಾನು ಕಣ್ಣಾರೆ ಕಂಡದ್ದು ಅವತ್ತು.

ಅಂದು ಹನ್ನೆರಡೂ ಷರತ್ತುಗಳ ಮುಂದೆ ಅವರ ಗುರುತು ಬಿತ್ತು. ಹನ್ನೊಂದನೆಯದರ ಮುಂದೆ ಮಾತ್ರ ಒಂದು ಸಾಲು ಬರೆದರು: ತಾವಾಗಿಯೇ ತಿಳಿಸಿದ್ದಾರೆ. ದಸರೆಯ ಆಯುಧಪೂಜೆಗೆ ಮುಂಚೆ ಡ್ರಾಯಿಂಗುಗಳು ಮತ್ತೆ ಬರತೊಡಗಿದವು. ಮುಂದಿನ ವರ್ಷದ ದೊಡ್ಡ ಆರ್ಡರಿನಲ್ಲಿ ಅರ್ಧ ಬೇರೆಯವರಿಗೆ ಹೋಯಿತು, ಅರ್ಧ ನಮಗೆ ಬಂತು. ನಂಜುಂಡಣ್ಣ ಅರ್ಧವನ್ನೂ ಪೂರ್ತಿಯೆಂಬಂತೆ ತೆಗೆದುಕೊಂಡರು. ಎರಡು ವರ್ಷದಲ್ಲಿ ಉಳಿದರ್ಧವೂ ನಮ್ಮಲ್ಲಿಗೇ ಬಂತು.

ಅಷ್ಟರಲ್ಲಿ ಕಂಪನಿಯವರು ನನಗೆ ಇನ್ನೊಂದು ಕೆಲಸ ಹಚ್ಚಿದ್ದರು. ನಮ್ಮಂಥ ಸಣ್ಣ ಶೆಡ್ಡುಗಳಿಗೆ ಹೋಗಿ ಈ ಷರತ್ತುಗಳನ್ನು ಕನ್ನಡದಲ್ಲಿ ತಿಳಿಸಿಕೊಡುವುದು. ತಿಂಗಳಿಗೆರಡು ದಿನ ಬಸ್ಸು ಹತ್ತಿ ಪಿರಿಯಾಪಟ್ಟಣ, ಕೆ.ಆರ್. ನಗರ, ಸಾಲಿಗ್ರಾಮ ಸುತ್ತುತ್ತಿದ್ದೆ. ಎಲ್ಲ ಕಡೆಯೂ ನಾನು ಹನ್ನೊಂದನೆಯದರಿಂದಲೇ ಶುರು ಮಾಡುತ್ತಿದ್ದೆ. ಮೂರನೆಯ ಗೂಡು, ಮೌಸಿನ ಮೇಲಿದ್ದ ನನ್ನ ಕೈ, ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದೆ. ಪಾಸ್‌ವರ್ಡಿನ ಮಾತಿಗೆ ಆಕಳಿಸುತ್ತಿದ್ದವರು ಆ ಕಥೆಗೆ ನೆಟ್ಟಗೆ ಕೂರುತ್ತಿದ್ದರು.

ಸಾಲಿಗ್ರಾಮದಲ್ಲಿ ರಬ್ಬರ್ ವಾಷರ್ ಮಾಡುವ ಒಂದು ಘಟಕವಿತ್ತು. ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಸವಿತಾ ನಾನು ಹೇಳಿದ್ದನ್ನೆಲ್ಲ ತಲೆಯೆತ್ತದೆ ಬರೆದುಕೊಂಡಿದ್ದಳು, ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ ಊಟದ ಡಬ್ಬಿ ತೆರೆಯುತ್ತಿದ್ದಾಗ ಅವಳ ಫೋನು ಬಂತು.

"ಅಕ್ಕ, ಡ್ರಾಯಿಂಗ್ ಮೇಲ್ ಮಾಡಕ್ ಹೋಗಿ ಬೇರೆ ಯಾರ್ಗೋ ಹೋಗ್ಬುಡ್ತು. ಅರ್ಧ ಗಂಟೆ ಆಯ್ತು. ನಮ್ಮ ಸಾಹುಕಾರ್ರಿಗೂ ಹೇಳಿದೀನಿ. ಏನೂ ಅಳಿಸಿಲ್ಲ ಅಕ್ಕ."

ಡಬ್ಬಿಯ ಮುಚ್ಚಳ ಹಾಕಿದೆ. ಒಂದು ಹಾಳೆ ಎಳೆದುಕೊಂಡು ಮೇಲೆ ಅವಳ ಹೆಸರು ಬರೆದೆ.

"ಸರಿಯಾಗಿ ಮಾಡಿದ್ದೀಯ," ಎಂದೆ. "ಮೊದಲಿಂದ ಹೇಳು, ನಾನೂ ಜೊತೇಲಿ ಬರ್ಕೋತೀನಿ."